ಸೊಟ್ಟ ಹಿಡಿಕೆ

ನಮ್ಮ ಯಜಮಾನರಿಗೆ ತತ್ವಗಳಿವೆ. ಕುಡಿತದ ಚಟವಿದ್ದರೆ ನಾಲ್ಕು ಜನ ಕೂತು ಬುದ್ಧಿ ಹೇಳಬಹುದು. ತತ್ವವಿರುವ ಗಂಡಸಿಗೆ ಯಾರು ಹೇಳಬೇಕು?

ಅವರ ಕೆಲಸ ಹೆಬ್ಬಾಳದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸ್ಸಂತೆ. ಆ ಶಿಸ್ತು ಶಿಫ್ಟ್ ಬಸ್ಸು ಹತ್ತಿ ಶ್ರೀರಾಂಪುರದ ನಮ್ಮ ಮನೆಗೂ ಬರುತ್ತದೆ. ಕೈಪಿಡಿ ಪೂರ್ತಿ ಓದದೆ ಯಾವ ಯಂತ್ರವನ್ನೂ ಚಾಲೂ ಮಾಡಬಾರದು. ಹಾಗಾಗಿ ಹೊಸ ಮಿಕ್ಸಿ ಡಬ್ಬದಲ್ಲೇ ಕೂತಿತ್ತು, ಹಬ್ಬದ ಹೂರಣವನ್ನು ನಾನು ಒರಳಲ್ಲಿ ರುಬ್ಬಿದೆ. ತೆಗೆದ ವಸ್ತು ತೆಗೆದಲ್ಲಿಗೇ ಹೋಗಬೇಕು, ಅದು ಸೌಟಾದರೂ ಸರಿ. ಎಲ್ಲಕ್ಕಿಂತ ದೊಡ್ಡದು, ಅಳತೆ ಸರಿಯಿಲ್ಲದ ಕೆಲಸ ಕೆಲಸವೇ ಅಲ್ಲ.

ಅತ್ತೆಯವರಿಗೆ ಮಂಡಿ ನೋವು ಬಂದು ಬಚ್ಚಲಲ್ಲಿ ಕೂತು ಏಳುವುದು ಕಷ್ಟವಾಯಿತು. ದಿನಾ ನಾನೇ ಹಿಡಿದು ಸ್ನಾನ ಮಾಡಿಸುತ್ತಿದ್ದೆ. ಅವರು ಗೋಡೆಯ ಕಡೆ ತಿರುಗಿ, ಸೀರೆಯನ್ನು ಎದೆಗವುಚಿಕೊಂಡೇ ನೀರು ಹಾಕಿಸಿಕೊಳ್ಳುತ್ತಿದ್ದರು. ಸೊಸೆಯ ಮುಂದೆ ಹಾಗೆ ಕೂರುವ ಸಂಕಟ ಅವರಿಗೆ, ನೋಡುವ ಸಂಕಟ ನನಗೆ. ಹಿಡಿದು ಏಳಲು ಗೋಡೆಗೊಂದು ಹಿಡಿಕೆ ಹಾಕಿ ಎಂದು ಇವರಿಗೆ ಹೇಳಿದೆ. ಹಿಡಿಕೆ ಬಂತು, ಸ್ಕ್ರೂ ಸರಿಯಿಲ್ಲ. ಸ್ಕ್ರೂ ಬಂತು, ಡ್ರಿಲ್ಲಿನ ಬಿಟ್ ಸರಿಯಿಲ್ಲ. ಶಿವರಾತ್ರಿ ಕಳೆದು ಯುಗಾದಿಯೂ ಆಯಿತು, ಹಿಡಿಕೆ ಕಪಾಟಿನಲ್ಲೇ ಇತ್ತು.

ಒಂದು ದಿನ ಅವರು ಶಿಫ್ಟಿಗೆ ಹೋದ ಮೇಲೆ ಬೀದಿ ಕೊನೆಯ ಪ್ಲಂಬರನ್ನು ಕರೆಸಿದೆ. ಕಾಫಿ ಕಾಯುವಷ್ಟರಲ್ಲಿ ಹಾಕಿ ಹೋದ. ಅಂದು ಅತ್ತೆ ಒಬ್ಬರೇ ಬಚ್ಚಲಿಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡರು. ಗೀಜರಿನ ನೀರೆಲ್ಲ ಖಾಲಿ ಮಾಡಿ ಹೊರಬಂದರು. ನನಗೆ ಸಿಟ್ಟೇ ಬರಲಿಲ್ಲ.

ಸಂಜೆ ಬಂದ ಯಜಮಾನರು ಹಿಡಿಕೆಯ ಮೇಲೆ ಮಟ್ಟ ನೋಡುವ ರಸಮಟ್ಟ ಇಟ್ಟರು. ಅದರೊಳಗಿನ ಗಾಳಿಗುಳ್ಳೆ ನಡುವೆ ನಿಲ್ಲಲಿಲ್ಲ. ಸ್ಕ್ರೂ ಬಿಚ್ಚಿ ಹಿಡಿಕೆ ತೆಗೆದುಬಿಟ್ಟರು. ಭಾನುವಾರ ಸರಿಯಾಗಿ ಹಾಕುತ್ತಾರಂತೆ. ಯಾವ ಭಾನುವಾರ ಎಂದರೆ ಸ್ಕ್ರೂಗಳನ್ನು ಎಣಿಸಿ ಡಬ್ಬಕ್ಕೆ ಹಾಕಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಬೆಳಿಗ್ಗೆ ಟವಲು ಹಿಡಿದು ಬಚ್ಚಲಿಗೆ ಹೋದ ಅತ್ತೆ ಗೋಡೆಯ ತೂತುಗಳನ್ನು ನೋಡಿ ನಿಂತರು. ಮಗನನ್ನು ಕರೆದರು.

"ಯಾಕಪ್ಪ ತಗ್ದ್ಬುಟ್ಟೆ?"

ಸೊಟ್ಟಗಿತ್ತು ಎಂದರು ಇವರು.

"ನಾನೂ ಸೊಟ್ಟಗಾಗಿದೀನಿ ಕಣೋ. ನನ್ನ ಕೈಗೆ ಅದು ಸರ್ಯಾಗೇ ಇತ್ತು."

ಶಿಫ್ಟ್ ಬಸ್ಸಿಗೆ ಹೊತ್ತಾಗಿತ್ತು. ಆದರೂ ಇವರು ಹಿಡಿಕೆ ತಂದು ಅದೇ ತೂತುಗಳಿಗೆ ಕೂರಿಸಿ ಸ್ಕ್ರೂ ಬಿಗಿದರು. ರಸಮಟ್ಟವನ್ನು ಮುಟ್ಟಲಿಲ್ಲ. ಬಸ್ಸು ತಪ್ಪಿತು. ಅವರು ಈಚೆ ಬರುವುದನ್ನೇ ಕಾದಿದ್ದ ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು.