ಕಾಡಿಗೆಯ ಬೂದಿಮರಿಗಳು

ನನ್ನ ದೊಡ್ಡಮ್ಮ ಮೂವತ್ತು ವರ್ಷ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕಿದವರು. ಕಪ್ಪಿನಲ್ಲೇ ಅವರಿಗೆ ಏಳು ಬಗೆ ಕಾಣುತ್ತಿತ್ತು: ಕೆಂಪು ಒಳಗಿಟ್ಟುಕೊಂಡ ಕಪ್ಪು, ಹಸಿರು ಒಳಗಿಟ್ಟುಕೊಂಡ ಕಪ್ಪು, ಹೀಗೆ. ನನ್ನ ಹೊಸ ಕೋಟನ್ನು ಕಪ್ಪು ಎಂದು ಕರೆದಾಗ, “ಅದು ಕಪ್ಪಲ್ಲ, ಸೋಮಾರಿ ನೀಲಿ” ಎಂದು ಮುಖ ತಿರುಗಿಸಿದ್ದರು. ಬಣ್ಣದ ವಿಷಯದಲ್ಲಿ ಅವರೊಂದಿಗೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಕೆಲಸದ ಜೊತೆಜೊತೆಗೇ ಅವರು ಬೆಕ್ಕು ಸಾಕಿದರು. ಹಾಗೆಂದರೆ ಬೀದಿಯ ಬೆಕ್ಕಿಗೆ ಹಾಲು ಹಾಕುವುದಲ್ಲ. ಉದ್ದ ಕೂದಲಿನ, ಒಂದೇ ಒಂದು ಬಿಳಿ ಎಳೆಯೂ ಇಲ್ಲದ ಕಪ್ಪು ಬೆಕ್ಕಿನ ತಳಿ. ಯಾವ ತಾಯಿಗೆ ಹೊರಗಿನ ಯಾವ ಕಪ್ಪು ಗಂಡನ್ನು ತರಬೇಕು ಎಂಬುದನ್ನು ಮಕ್ಕಳ ಮದುವೆಗಿಂತ ಹೆಚ್ಚು ವಿಚಾರಿಸಿ ನಿಶ್ಚಯಿಸುತ್ತಿದ್ದರು. ಪ್ರತಿ ಸೂಲಿನಲ್ಲಿ ಒಂದು ಹೆಣ್ಣುಮರಿಯನ್ನು ಮಾತ್ರ ತಮಗೆ ಉಳಿಸಿಕೊಂಡು, ಮಿಕ್ಕವನ್ನು ಮರಿಯಾಗದಂತೆ ಆಪರೇಷನ್ ಮಾಡಿಸಿಯೇ ಕೊಡುವುದು ಅವರ ಕಟ್ಟುನಿಟ್ಟು. ಹೀಗಾಗಿ ಆ ತಳಿ ಇಡೀ ಲೋಕದಲ್ಲಿ ಅವರ ಮನೆಯಲ್ಲಿ ಮಾತ್ರ ಇತ್ತು. ನಾನು ಟೈಪಿಂಗ್ ಕಲಿಯಲು ಅವರ ಮನೆಗೆ ಬಂದು ಉಳಿದಾಗ ಹನ್ನೊಂದನೆಯ ತಲೆಮಾರು ನಡೆಯುತ್ತಿತ್ತು. ಆ ತಾಯಿಯ ಹೆಸರು ಕಾಡಿಗೆ; ತಳಿಯಲ್ಲಿ ಮರಿ ಹಾಕಬಲ್ಲವಳು ಅವಳೊಬ್ಬಳೇ ಉಳಿದಿದ್ದಳು.

ದೊಡ್ಡಪ್ಪ ಗೋದಾಮಿನ ಕಾವಲುಗಾರರಾಗಿದ್ದವರು. ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವ ಚಟ ನಿವೃತ್ತಿಯಾದರೂ ಬಿಟ್ಟಿರಲಿಲ್ಲ. ಸಕ್ಕರೆ ಡಬ್ಬಿ ಮುಚ್ಚಿದರೂ ಮೂರು ಸಲ ಒತ್ತುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ಮನೆಯ ಮಾತಿನ ಪಾಲೆಲ್ಲ ಹೆಂಡತಿಗೇ ಬಿಟ್ಟುಕೊಟ್ಟಿದ್ದರು.

ಬೆಕ್ಕಿನ ಕೋಣೆ ಮಹಡಿಯ ಮೇಲಿತ್ತು. ಕಿಟಕಿಗೆ ಜಾಲರಿ, ತಾರಸಿಗೆ ಒಂದು ಬಾಗಿಲು. ಮಧ್ಯಾಹ್ನ ಕ್ಲಾಸು ಮುಗಿಸಿ ಬಂದು ನಾನು ಅಲ್ಲಿನ ಚಾಪೆಯ ಮೇಲೆ ಉರುಳಿಕೊಳ್ಳುತ್ತಿದ್ದೆ. ಜಾಲರಿಯ ನೆರಳು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಕಾಡಿಗೆ ನನ್ನ ಹೊಟ್ಟೆಗೆ ಒತ್ತಿಕೊಂಡು ಗುರುಗುಟ್ಟುತ್ತಿದ್ದಳು. ಆ ಸದ್ದು ನನ್ನೊಳಗಿಂದ ಬರುತ್ತಿದೆಯೋ ಅವಳೊಳಗಿಂದಲೋ ತಿಳಿಯದಂತೆ ನಿದ್ದೆ ಹತ್ತುತ್ತಿತ್ತು. ಕನಸಿನಲ್ಲಿ ಟೈಪ್‌ರೈಟರಿನ ಕೀಲಿಗಳು ಕಪ್ಪು ಪಂಜಗಳಾಗಿ ಒಂದೊಂದೇ ಅಕ್ಷರ ಒತ್ತುತ್ತಿದ್ದವು. ಅಂಥ ನಿದ್ದೆ ಆಮೇಲೆ ನನಗೆ ಎಂದೂ ಬಂದಿಲ್ಲ.

ಕಾಡಿಗೆ ಬಸುರಿಯಾಗಿದ್ದಾಗ ಒಮ್ಮೆ ಜ್ವರ ಬಂತು. ದೊಡ್ಡಮ್ಮ ಮೂರು ದಿನ ಅನ್ನ ನೀರು ಬಿಟ್ಟು, ಅವಳನ್ನು ಮಡಿಲಲ್ಲಿಟ್ಟುಕೊಂಡು, ತೊಟ್ಟು ತೊಟ್ಟಾಗಿ ನೀರು ಕುಡಿಸಿದರು. ಜ್ವರ ಬಿಟ್ಟಿತು. ಎಲ್ಲರೂ ಅದನ್ನು ಮರೆತೆವು.

ತಿಂಗಳು ಕಳೆದು ಒಂದು ಬೆಳಗ್ಗೆ ನಾಲ್ಕು ಮರಿಗಳು ಹುಟ್ಟಿದವು. ಒಂದೂ ಕಪ್ಪಲ್ಲ. ಮೈತುಂಬ ಬೂದಿ, ಕೂದಲ ತುದಿಯಲ್ಲಿ ಬೆಳ್ಳಿ, ಬಿಸಿಲು ಬಿದ್ದಾಗ ಒಲೆಯ ಹೊಗೆ ಮುದುರಿ ಮಲಗಿದ ಹಾಗೆ. ನನಗಂತೂ ಅಷ್ಟು ಚೆಂದದ್ದನ್ನು ನೋಡಿದ್ದೇ ಇಲ್ಲ ಅನ್ನಿಸಿತು. ದೊಡ್ಡಮ್ಮ ಮಾತ್ರ ಬಾಗಿಲು ದಾಟಿ ಒಳಗೆ ಬರಲಿಲ್ಲ.

ಅವರ ಲೆಕ್ಕ ಕಾರ್ಖಾನೆಯ ಲೆಕ್ಕ. ಹಂಡೆಯಿಂದ ಬೇರೆ ಬಣ್ಣದ ನೂಲು ಎದ್ದರೆ, ಹಂಡೆಗೆ ಯಾರೋ ಬೇರೆ ಬಣ್ಣ ಸುರಿದಿದ್ದಾರೆ ಎಂದೇ ಅರ್ಥ. ನೂಲು ಸುಳ್ಳು ಹೇಳುವುದಿಲ್ಲ. ಅಂದರೆ ತಾರಸಿಯಿಂದ ಯಾವುದೋ ಬೀದಿಯ ಗಂಡು ಒಳಗೆ ಬಂದಿತ್ತು. ತಾರಸಿಯ ಬಾಗಿಲು ಹಾಕುವ ಕೆಲಸ ದೊಡ್ಡಪ್ಪನದು.

“ಬಾಗಿಲು ತೆಗೆದಿಟ್ಟಿದ್ರಿ ಅಲ್ವೇನ್ರಿ?”

“ಇಲ್ಲ ಕಣೇ. ನಾನು ಹಾಕಿದ್ದೆ.”

“ಹಾಗಾದ್ರೆ ಈ ಬಣ್ಣ ಆಕಾಶದಿಂದ ಬಿತ್ತಾ?”

ಅಂದಿನಿಂದ ದೊಡ್ಡಮ್ಮ ಗಂಡನ ಜೊತೆ ಮಾತು ಬಿಟ್ಟರು. ಹೇಳಲೇಬೇಕಾದದ್ದನ್ನು ಬೆಕ್ಕಿನ ಮೂಲಕ ಹೇಳುತ್ತಿದ್ದರು. “ಕಾಡಿಗೆ, ಟೀ ಆರಿ ಹೋಗ್ತಿದೆ ಅಂತ ಹೇಳೇ.” ಮೊದಮೊದಲು ನನಗೆ ನಗು ಬರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ನಗು ಇಂಗಿತು. ದೊಡ್ಡಪ್ಪ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಏನನ್ನಾದರೂ ಮುಚ್ಚಿದರೆ ಒಂದೇ ಸಲ ಮುಚ್ಚಿ ಕೈಬಿಡುತ್ತಿದ್ದರು.

ಹದಿನೆಂಟನೆಯ ದಿನ ಅವರು ಅಡುಗೆಮನೆಗೆ ಹೋಗಿ, “ಹೌದು. ನಾನೇ ತೆಗೆದಿಟ್ಟಿದ್ದೆ. ಮರೆತುಬಿಟ್ಟೆ” ಎಂದರು.

ದೊಡ್ಡಮ್ಮ ಬೈದರು, ಅತ್ತರು, ಮತ್ತೆ ಬೈದರು. ಮನೆಯಲ್ಲಿ ಮಾತು ಶುರುವಾಯಿತು. ದೊಡ್ಡಪ್ಪನ ಮುಖದಲ್ಲಿ, ಅಷ್ಟು ಬೈಸಿಕೊಂಡವರಿಗೆ ಇರಬಾರದ ನೆಮ್ಮದಿ ಇತ್ತು.

ತಪ್ಪೊಪ್ಪಿಗೆ ಸಿಕ್ಕಿತಲ್ಲ, ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಕೆಟ್ಟ ಹಂಡೆಯನ್ನು ಚೆಲ್ಲಬೇಕು, ತಳದಲ್ಲೂ ಉಳಿಸಬಾರದು ಎನ್ನುವವರು ದೊಡ್ಡಮ್ಮ. ಮರಿಗಳು ದೊಡ್ಡವಾದ ಮೇಲೆ ನಾಲ್ಕಕ್ಕೂ ಆಪರೇಷನ್ ಮಾಡಿಸಿ ಕೇಳಿದವರಿಗೆ ಸುಮ್ಮನೆ ಕೊಟ್ಟುಬಿಟ್ಟರು. ಕಾಡಿಗೆಗೂ ಮಾಡಿಸಿದರು. “ಸಾಕು, ಇಲ್ಲಿಗೆ ಮುಗೀತು” ಎಂದರು. ಇಪ್ಪತ್ತೆರಡು ವರ್ಷದ ಆಸೆಯನ್ನು ಒಂದು ಬುಟ್ಟಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದು ಅದೇ ಬುಟ್ಟಿಯಲ್ಲಿ ಮನೆಗೆ ತಂದರು. ದಾರಿಯುದ್ದಕ್ಕೂ ನಾನು ಅವರ ಕೈ ಹಿಡಿದುಕೊಂಡಿದ್ದೆ.

ಎರಡು ತಿಂಗಳ ಮೇಲೆ ಅಂಗಿಯ ಗುಂಡಿ ಮಾರುವ ಅಂಗಡಿಯಾಕೆ ಬಂದಳು. ಮರಿಗಳಲ್ಲಿ ಒಂದನ್ನು ಒಯ್ದವಳು. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಕೊಟ್ಟ ಮರಿ ಬಣ್ಣ ಬಿಡ್ತಾ ಇದೆ.”

ಮೂವತ್ತು ವರ್ಷದಲ್ಲಿ ಯಾರೂ ದೊಡ್ಡಮ್ಮನಿಗೆ ಆ ಮಾತು ಹೇಳಿರಲಿಲ್ಲ. ಕೋಪದಿಂದಲೇ ಮರಿಯನ್ನು ಕಸಿದುಕೊಂಡು ಕಿಟಕಿಯ ಬಳಿ ಹೋದರು. ಹೆಬ್ಬೆರಳಿನಿಂದ ಬೆನ್ನಿನ ಕೂದಲನ್ನು ಬಿಡಿಸಿದರು. ಬೂದಿ ಎಳೆಗಳು ಬೆರಳಿಗೆ ಅಂಟಿ ಉದುರಿದವು. ಅಡಿಯಲ್ಲಿ ಬುಡದಿಂದ ಕಪ್ಪು ಏಳುತ್ತಿತ್ತು. ಕೆಂಪಿಲ್ಲದ, ಹಸಿರಿಲ್ಲದ, ಅಪ್ಪಟ ಕಪ್ಪು. ಆ ಕಪ್ಪನ್ನು ಅವರು ನಿದ್ದೆಗಣ್ಣಿನಲ್ಲೂ ಗುರುತಿಸಬಲ್ಲವರು.

ಪಶುವೈದ್ಯರ ಹತ್ತಿರ ಓಡಿದೆವು. ಅವರು ಮರಿಯನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ತಾಯಿಗೆ ಬಸುರಿನಲ್ಲಿ ಜ್ವರ ಬಂದಿತ್ತಾ?” ಹಾಗೆ ಜ್ವರ ಬಂದರೆ ಹೊಟ್ಟೆಯಲ್ಲಿನ ಮರಿಗಳಿಗೆ ಮೊದಲ ಕೂದಲು ಮಾತ್ರ ಮಾಸಿ ಬರುತ್ತದಂತೆ. ಆಮೇಲೆ ಅದು ಉದುರಿ ಹುಟ್ಟುಬಣ್ಣ ಬರುತ್ತದಂತೆ. “ನನ್ನನ್ನ ಆಗಲೇ ಒಂದು ಮಾತು ಕೇಳಬಾರದಿತ್ತಾ?” ಎಂದರು.

ದೊಡ್ಡಮ್ಮ ಮರಿಯನ್ನು ಎತ್ತಿಕೊಂಡು ಹೊರಗೆ ನಡೆದರು.

ಮನೆಗೆ ಬಂದಾಗ ದೊಡ್ಡಪ್ಪ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದರು. ಸಂಜೆಯ ಬಿಸಿಲು ಅವರ ಮೊಣಕಾಲ ಮೇಲಿತ್ತು. ದೊಡ್ಡಮ್ಮ ಒಂದು ಮೆಟ್ಟಿಲು ಕೆಳಗೆ ಕುಳಿತರು.

“ಬಾಗಿಲು ಹಾಕಿದ್ರಿ ತಾನೇ?”

ದೊಡ್ಡಪ್ಪ ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. “ಹಾಕಿದ್ದೆ. ಮೂರು ಸಲ ಎಳೆದು ನೋಡಿದ್ದೆ.”

“ಮತ್ಯಾಕೆ ಒಪ್ಪಿಕೊಂಡ್ರಿ?”

“ನೀನು ಮಾತಾಡದೆ ಹದಿನೇಳು ದಿನ ಆಗಿತ್ತಲ್ಲ. ಇನ್ನೊಂದು ದಿನ ನನ್ನ ಕೈಲಿ ಆಗ್ತಿರಲಿಲ್ಲ.”

“ನಿಮ್ಮ ಆ ಒಂದು ಸುಳ್ಳಿಂದ ನನ್ನ ತಳಿನೇ ಮುಗಿದು ಹೋಯ್ತಲ್ರಿ.”

“ಗೊತ್ತು ಕಣೇ. ಕಾಡಿಗೇನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನಾನೇ ಹೇಳಬೇಕು ಅಂದ್ಕೊಂಡೆ. ಮತ್ತೆ ಮಾತು ಬಿಟ್ಟೀಯ ಅಂತ ಹೆದರಿದೆ.”

ದೊಡ್ಡಮ್ಮ ಬಹಳ ಹೊತ್ತು ಅತ್ತರು. ತಳಿಗಾಗಿ ಅತ್ತರೋ, ಒಟ್ಟಿಗೆ ಬಾಳಿದ ಮನುಷ್ಯನನ್ನು ನಂಬದೆ ಹೋದದ್ದಕ್ಕೋ, ಬಹುಶಃ ಎರಡಕ್ಕೂ. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಕಡೆಗೆ ಅವರು ಕಣ್ಣೊರೆಸಿಕೊಂಡು ದೊಡ್ಡಪ್ಪನ ತಟ್ಟೆಯಿಂದ ಒಂದು ಹಿಡಿ ಬಟಾಣಿ ತಮ್ಮ ಮಡಿಲಿಗೆ ಸುರಿದುಕೊಂಡರು.

“ಇನ್ನು ಮೇಲೆ ನಾನು ಎಷ್ಟೇ ಹಟ ಮಾಡಿದ್ರೂ, ಮಾಡದ ತಪ್ಪನ್ನ ಒಪ್ಕೋಬೇಡಿ.”

“ನೀನು ಮಾತು ಬಿಡಬೇಡ,” ಎಂದರು ದೊಡ್ಡಪ್ಪ.