ಪೇಮಾ ಆಯಿಯ ಜವೆಗೋಧಿ

ಪೇಮಾ ಆಯಿ ಚಹಾ ಕುಡಿಯುತ್ತಿರಲಿಲ್ಲ, ಕಲಸುತ್ತಿದ್ದಳು. ಉಪ್ಪು ಬೆಣ್ಣೆ ಹಾಕಿದ ಚಹಾವನ್ನು ಬಟ್ಟಲಿಗೆ ಸುರಿದು, ಹುರಿದ ಜವೆಗೋಧಿ ಹಿಟ್ಟು ಉದುರಿಸಿ, ಒಂದೇ ಬೆರಳಲ್ಲಿ ತಿರುವಿ ಉಂಡೆ ಕಟ್ಟುವಳು. ಚಳಿಗಾಲ ಬಂತೆಂದರೆ ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಗದಗಿಗೆ ಬಂದು, ನಮ್ಮ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಿದ್ದಳು. ಚರ್ಚಾಸ್ಪರ್ಧೆಯ ಹುಚ್ಚಿನ ನನಗೆ ಕಾಲೇಜಿನ ಎದುರಾಳಿಗಳು ಸಾಲುತ್ತಿರಲಿಲ್ಲ.

“ಆಯಿ, ಇದು ಊಟಾನೋ, ಚಹಾನೋ? ಒಂದ ಹೇಳ್ರಿ.”

“ನೀ ಮಜ್ಜಿಗ್ಯಾಗ ರೊಟ್ಟಿ ಮುರಕೊಂಡ ತಿಂತಿಯಲ್ಲ, ಅದೇನವಾ?”

ಹೋದ ವರ್ಷ ಸ್ವೆಟರ್ ಗಂಟು ಬಿಚ್ಚುತ್ತಲೇ ಟಿಬೆಟ್ಟಿನ ತನ್ನ ಊರಿನ ಮಾತು ತೆಗೆದಳು. ಅಲ್ಲಿ ಬೆಟ್ಟದ ಮೇಲೆ ಜವೆಗೋಧಿ ಬೆಳೆಯುತ್ತಿದ್ದರಂತೆ. ಬಡಿದರೆ ಸಿಪ್ಪೆ ತಾನೇ ಬಿಡುವುದಂತೆ. ಪೈರು ಅವಳ ಕೊರಳ ಮಟ ಇರುತ್ತಿತ್ತಂತೆ. ಐದು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಗುಡ್ಡ ದಾಟಿ ಬಂದವಳು, ಆಮೇಲೆ ಹಿಟ್ಟು ಕಂಡಿದ್ದಳೇ ಹೊರತು ಪೈರು ಕಂಡಿರಲಿಲ್ಲ.

“ಒಮ್ಮೆ ನಿಂತ ಪೈರು ನೋಡಬೇಕವಾ. ಮೊಣಕಾಲ ಹಿಡಕೊಂಡಾವು, ಬರೂ ವರ್ಷ ಬರೂದು ಖಾತ್ರಿ ಇಲ್ಲ.”

“ಹಿಮದಾಗಿನ ಬೆಳಿ ನಮ್ಮ ಎರಿ ಹೊಲದಾಗ ಬರಂಗಿಲ್ರಿ.”

“ನಾ ಬಂದೇನಲ್ಲ.”

“ನೀವು ಉದಾಹರಣೆ ಆದ್ರಿ. ಪುರಾವೆ ಅಲ್ಲ.”

ಲಡಾಖಿನ ಬಳಗದವರು ತಂದುಕೊಟ್ಟಿದ್ದ ಹುರಿಯದ ಕಾಳನ್ನು ಆಯಿ ಚೀಲದಿಂದ ಒಂದು ಬೊಗಸೆ ತೆಗೆದು ನನ್ನ ಓಢಣಿಗೆ ಸುರಿದಳು. “ಬಿತ್ತಿ ನೋಡು. ಆಮ್ಯಾಲೆ ಬಾಯಿ ಮಾಡು.”

ಹೊಂಬಳದ ಹೊಲದಲ್ಲಿ ನಮ್ಮ ಕಾಕಾ ಅದನ್ನು ಕಡಲೆಯ ನಡುವೆ ಬಿತ್ತಿದ. ಮೊಳಕೆ ಎದ್ದದ್ದೇನೋ ಖರೆ. ಆದರೆ ಕಡಲೆಯ ಕುಡಿ ಚಿವುಟಲು ಬಂದ ಹೆಂಗಸರು ಇದನ್ನು ಹುಲ್ಲೆಂದುಕೊಂಡು ಕಿತ್ತು ಬದುವಿಗೆ ಒಗೆದರು. ಅವರ ಕೈ ತಪ್ಪಿ ಉಳಿದದ್ದು ಬನ್ನಿಗಿಡದ ಹತ್ತಿರದ ಒಂದಿಷ್ಟು.

ಎಳ್ಳಮಾಸಿಯ ದಿನ ಭೂತಾಯಿಗೆ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲಲು ಹೊರಟಾಗ ಆಯಿಯನ್ನೂ ಕರೆದೊಯ್ದೆವು. ತೆನೆ ಮೂಡಿತ್ತು. ಎತ್ತರ ಮಾತ್ರ ಮೊಣಕಾಲಿಗಿಂತ ತುಸು ಮೇಲೆ.

“ಕೊರಳ ಮಟ ಅಂದಿದ್ರಿ” ಎಂದೆ. ಬಿಡುವ ಜಾಯಮಾನ ನನ್ನದಲ್ಲ.

ಆಯಿ ಕಾಕಾನ ಹೆಂಡತಿ ಕಾಕುವಿನ ಕೈ ಹಿಡಿದು, ನೋಯುವ ಕಾಲು ಮಡಿಸಿ, ಪೈರಿನ ನಡುವೆ ಮೆಲ್ಲಗೆ ನೆಲಕ್ಕೆ ಕೂತಳು. ತೆನೆಯ ಮೀಸೆ ಅವಳ ಗದ್ದಕ್ಕೆ ತಾಗಿತು.

“ಈಗ ನೋಡು, ಎಲ್ಲೀ ಮಟ ಐತಿ?”

ಬಹಳ ಹೊತ್ತು ಏಳಲಿಲ್ಲ. ಕಾಕು ಎಳ್ಳಹೋಳಿಗೆಯನ್ನು ಅಲ್ಲಿಗೇ ಒಯ್ದು ಕೊಟ್ಟಳು. ಹೊರಡುವಾಗ ಆಯಿಗೆಂದು ಕಾಕಾ ತೆನೆ ಮುರಿಯಲು ಬಗ್ಗಿದರೆ, “ಬ್ಯಾಡೋ ತಮ್ಮಾ, ಬಲೀಲಿ. ಬೀಜಕ್ಕ ಆಗ್ತಾವು” ಎಂದು ತಡೆದಳು.

ನಾನು ಅವಳನ್ನು ಕೊನೆಗೆ ನೋಡಿದ್ದು ಆ ಚಳಿಗಾಲದಲ್ಲೇ. ಈ ಸಲ ಗಂಟು ಹೊತ್ತು ಬಂದವಳು ಸೊಸೆ. ಆಯಿಗೆ ಬಸ್ಸು ಹತ್ತಲಾಗುವುದಿಲ್ಲವಂತೆ. ಒಂದು ವರ್ಷ ಬಂದ ಬೆಳೆ ಪುರಾವೆಯಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಅದಕ್ಕೇ ಕಾಕಾನ ಬೆನ್ನು ಬಿದ್ದು ಮತ್ತೆ ಬಿತ್ತಿಸಿದ್ದೇನೆ. ಮೊನ್ನೆ ಹೋದಾಗ ಹೆಂಗಸರು ಕಡಲೆ ಚಿವುಟುತ್ತ ಬರುತ್ತಿದ್ದರು. ಹೊಸಬಳೊಬ್ಬಳು ಜವೆಗೋಧಿಗೆ ಕೈ ಹಾಕುವಷ್ಟರಲ್ಲಿ ಪಕ್ಕದವಳು ಅವಳ ಮುಂಗೈ ಹಿಡಿದಳು.

“ಏ, ಅದು ಹುಲ್ಲಲ್ಲಬೇ, ಆಯಿ ಪೈರು. ಸುತ್ತಿ ಹೋಗು.”