ಮುನೇಶನ ರೆಂಡಿಟ್ಟ

ಎತ್ತರ ಐದಡಿ ಎಂಟಿಂಚು. ತೂಕ ಐವತ್ತೆಂಟು ಕೆ.ಜಿ., ಅದರಲ್ಲಿ ಒಂದೆರಡು ಕೆ.ಜಿ. ಬರೀ ಮರ್ಯಾದೆ. ವಯಸ್ಸು ಇಪ್ಪತ್ತೇಳು, ಹಲ್ಲು ಸರಿಯಾಗಿವೆ. ಉಗುರಿನಡಿ ಗ್ರೀಸು ಇದೆ, ಅದು ಒಳ್ಳೆಯ ಗುರುತು. ಷರಟಿನ ಜೇಬಿನಲ್ಲಿ ಪೆನ್ನಿದೆ, ಅದು ಕೆಟ್ಟ ಗುರುತು. ಪೆನ್ನಿಟ್ಟುಕೊಂಡವನು ಸಂಬಳ ಕೇಳುತ್ತಾನೆ. ಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯ ಮುದ್ರೆ, ಅಡಿಯಲ್ಲಿ ಐದು ಲಕ್ಷ ಎಪ್ಪತ್ತು ಸಾವಿರದ ಬ್ಯಾಂಕ್ ಸಾಲ. ಇಂಥ ಲಾಟು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದರೆ ಪಳಗಿದ ವ್ಯಾಪಾರಿ ಎರಡು ಸುತ್ತು ಹಾಕಿ, ಮೂಗಿನಲ್ಲೇ ಒಂದು ಸದ್ದು ಮಾಡಿ ಹೊರಟುಹೋಗುತ್ತಾನೆ. ಮಾರುವವನ ಮುಖ ಬಾಡಿದ ಮೇಲೆ ಮತ್ತೆ ಬಂದು ಅರ್ಧ ಬೆಲೆಗೆ ಕೇಳುತ್ತಾನೆ. ಮುನೇಶನ ವಿಷಯದಲ್ಲೂ ಹಾಗೇ ಆಯಿತು.

ಅವನ ಅಪ್ಪ ಮುನಿನಾರಾಯಣಪ್ಪ ಮೂವತ್ತು ವರ್ಷದಿಂದ ರೀಲರು. ರೇಷ್ಮೆ ಗೂಡು ಕೊಂಡು ತಂದು, ಮನೆ ಹಿಂದಿನ ಶೆಡ್ಡಿನಲ್ಲಿ ಆರು ಬೇಸಿನ್ನಿನ ಮೆಷಿನ್ನಿಟ್ಟು ನೂಲು ಬಿಚ್ಚಿಸುತ್ತಿದ್ದ. ಗೂಡು ನೋಡುವುದರಲ್ಲಿ ಅವನ ಕೈ ದೊಡ್ಡ ಕೈ. ಬೆಳೆಗಾರ ಒಳ್ಳೆಯ ಗೂಡನ್ನು ಮೇಲೆ ಹರಡಿರುತ್ತಾನೆ ಎಂಬುದು ಮಾರುಕಟ್ಟೆಯ ಬೆಕ್ಕಿಗೂ ಗೊತ್ತು. ಮುನಿನಾರಾಯಣಪ್ಪ ಮೇಲಿನದನ್ನು ಕಣ್ಣೆತ್ತಿಯೂ ನೋಡದೆ, ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಿದ್ದ. ಕಿವಿಯ ಹತ್ತಿರ ಅಲ್ಲಾಡಿಸಿ, "ಇದಕ್ಕೆ ರೆಂಡಿಟ್ಟ ಎಂಟೂವರೆ" ಎನ್ನುತ್ತಿದ್ದ. ಅಂದರೆ ಎಂಟೂವರೆ ಕೆ.ಜಿ. ಗೂಡು ಹಾಕಿದರೆ ಒಂದು ಕೆ.ಜಿ. ನೂಲು. ಸಂಜೆ ತೂಕ ಹಾಕಿದರೆ ಎಂಟೂವರೆಯೇ.

ಅಂಥವನು ಮಗನನ್ನು ಸೇರಿಸಲು ಕಾಲೇಜಿಗೆ ಹೋದ. ಗೇಟಿನಲ್ಲೇ ಆಳೆತ್ತರದ ಫ್ಲೆಕ್ಸು. ಟೈ ಕಟ್ಟಿದ ನಾಲ್ಕು ಹುಡುಗರು, ಕೆಳಗೆ ವರ್ಷಕ್ಕೆ ಏಳು ಲಕ್ಷ, ಒಂಬತ್ತು ಲಕ್ಷ. ಮುನಿನಾರಾಯಣಪ್ಪ ಆ ನಾಲ್ಕು ಮುಖ ನೋಡಿ ಅಲ್ಲೇ ನಿಂತ. ಅವರ ಜೊತೆ ಓದಿದ ಮಿಕ್ಕ ನೂರಾ ಹದಿನಾರು ಮಂದಿ ಎಲ್ಲಿದ್ದಾರೆ ಎಂದು ಕೇಳಲಿಲ್ಲ. ಮೂವತ್ತು ವರ್ಷ ತಳಕ್ಕೆ ಹಾಕಿದ ಕೈ ಅವತ್ತು ಜೇಬಿಗೆ ಹೋಯಿತು. ಮೇಲಿನ ಗೂಡು ನೋಡಿ ಪೂರ್ತಿ ಲಾಟು ಕೊಂಡ.

ಐದು ಲಕ್ಷ ಶಿಕ್ಷಣ ಸಾಲ. ಮುನೇಶನ ಸೋದರಮಾವ, ಚಿಂತಾಮಣಿಯ ಗಂಗುಲಪ್ಪ ಜಾಮೀನು ರುಜು ಹಾಕಿದ. ಹುಡುಗ ಓದಿ ಮುಗಿಸುವಷ್ಟರಲ್ಲಿ ಬಡ್ಡಿ ತಾನೂ ಓದಿ ದೊಡ್ಡದಾಗಿ, ಸಾಲ ಆರು ಲಕ್ಷ ನಲವತ್ತು ಸಾವಿರವಾಗಿತ್ತು.

ಮುನೇಶನಿಗೆ ಗೌರಿಬಿದನೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಟ್ರೈನಿ ಕೆಲಸ ಸಿಕ್ಕಿತು. ಕೈಗೆ ಬರುವುದು ಹದಿನಾಲ್ಕು ಸಾವಿರದ ಇನ್ನೂರು. ರೂಮು, ಊಟ, ಬಸ್ಸಿಗೆ ಐದೂವರೆ ಸಾವಿರ. ಬ್ಯಾಂಕಿನ ಕಂತು ಎಂಟು ಸಾವಿರದ ಒಂಬೈನೂರು. ಮುನೇಶ ಲೆಕ್ಕದಲ್ಲಿ ಜಾಣ. ಮೊದಲ ತಿಂಗಳೇ ಅವನಿಗೆ ತಿಳಿಯಿತು, ಕಾರ್ಖಾನೆಗೆ ಹೋಗಿಬರಲು ತಾನೇ ತಿಂಗಳಿಗೆ ಇನ್ನೂರು ರೂಪಾಯಿ ಕೊಡುತ್ತಿದ್ದೇನೆ ಎಂದು. ಆ ಇನ್ನೂರನ್ನು ತಾಯಿ ನಾರಾಯಣಮ್ಮ ಸಾಸಿವೆ ಡಬ್ಬಿಯಿಂದ ತೆಗೆದು ಕೊಡುತ್ತಿದ್ದಳು.

ಒಂದು ಭಾನುವಾರ ಮುದ್ದೆ ಮುರಿಯುತ್ತಾ ಮುನಿನಾರಾಯಣಪ್ಪ ಹೆಂಡತಿಗೆ ಹೇಳಿದ, "ನಿನ್ನ ಮಗನ ರೆಂಡಿಟ್ಟ ಹಾಕ್ದೆ ಕಣೇ. ಹಾಕಿದ್ದು ಆರು ಲಕ್ಷ ನಲವತ್ತು ಸಾವಿರ. ಬಂದಿದ್ದು ಸೊನ್ನೆಗಿಂತ ಇನ್ನೂರು ಕಮ್ಮಿ. ಇದು ನೂಲು ಬಿಡೋ ಗೂಡಲ್ಲ, ನೂಲು ತಿನ್ನೋ ಗೂಡು."

"ಉಣ್ಣೋ ಟೈಮಲ್ಲಿ ಯಾಕ್ರೀ ಆ ಮಾತು?" ಎಂದಳು ನಾರಾಯಣಮ್ಮ.

ಮುನೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪ, ನೀನು ಹಾಸ್ಟೆಲ್ ದುಡ್ಡು ಸೇರಿಸ್ಲಿಲ್ಲ. ಅದೂ ಹಾಕು, ಲೆಕ್ಕ ಸರಿಯಾಗಿರ್ಲಿ."

ಎರಡು ವರ್ಷಕ್ಕೆ ಟ್ರೈನಿಯ ಅವಧಿ ಮುಗಿಯಿತು. ಕಾಯಂ ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಸೂಪರ್‌ವೈಸರು ಕಿಟಕಿಯಾಚೆ ಬೆರಳು ತೋರಿಸಿದ. "ಗೇಟ್ ಹತ್ರ ನೋಡಪ್ಪ. ಎಲ್ಲಾ ನಿನ್ನಂಗೇ ಡಿಗ್ರಿ ಇರೋರು. ನಿನಗಿಂತ ಎರಡು ವರ್ಷ ಫ್ರೆಶ್ಶು."

ಮನೆಗೆ ಬಂದ ಮುನೇಶ ಮೂರು ತಿಂಗಳು ಅಪ್ಪನ ಶೆಡ್ಡಿನಲ್ಲಿ ಕೂತ. ಕಂತು ನಿಂತಿತು, ಸಾಲ ಐದು ಲಕ್ಷ ಎಪ್ಪತ್ತು ಸಾವಿರ ಉಳಿಯಿತು. ಕೂತವನು ಸುಮ್ಮನೆ ಕೂರಲಿಲ್ಲ. ಆ ಮೆಷಿನ್ನಿನಲ್ಲಿ ನೂಲು ಸುತ್ತುವ ಎಲ್ಲ ರಾಟೆಗೂ ಒಂದೇ ಬೆಲ್ಟು. ಒಂದು ಎಳೆ ಕಡಿದರೆ ಇಡೀ ಮೆಷಿನ್ನನ್ನೇ ನಿಲ್ಲಿಸಬೇಕು, ಮತ್ತೆ ಹೊರಟಾಗ ಜಗ್ಗಿದ ಹೊಡೆತಕ್ಕೆ ಇನ್ನೆರಡು ಎಳೆ ಕಡಿದು ಹೋಗುತ್ತಿದ್ದವು. ಮುನೇಶ ಗುಜರಿಯಿಂದ ಹಳೇ ಮೊಪೆಡ್ಡುಗಳ ಕ್ಲಚ್ಚು, ಚೈನು ತಂದ. ಉಜ್ಜಿದ, ಕೊರೆದ, ಕೂರಿಸಿದ. ಈಗ ಎಳೆ ಕಡಿದ ರಾಟೆ ಮಾತ್ರ ಮೆತ್ತಗೆ ನಿಲ್ಲುತ್ತದೆ, ಮಿಕ್ಕವು ತಮ್ಮ ಪಾಡಿಗೆ ತಿರುಗುತ್ತವೆ. ಅದೇ ಗೂಡಿಗೆ ದಿನಕ್ಕೆ ಕಾಲು ಕೆ.ಜಿ. ನೂಲು ಹೆಚ್ಚಿಗೆ ಬಂತು.

ಮುನಿನಾರಾಯಣಪ್ಪ ಮೂರು ದಿನ ತೂಕ ಹಾಕಿ ನೋಡಿದ. ನಾಲ್ಕನೆಯ ದಿನ ತಕ್ಕಡಿಯನ್ನೇ ಬೈದ. ಐದನೆಯ ದಿನ ಮಗನಿಗೆ ತಾನೇ ಟೀ ತಂದುಕೊಟ್ಟ.

ಕಾಲು ಕೆ.ಜಿ. ಎಂದರೆ ದಿನಕ್ಕೆ ಸಾವಿರದ ನೂರು. ಮುನೇಶ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ: ಎರಡು ವರ್ಷ ಹೀಗೇ ತಿರುಗಿದರೆ ಸಾಲ ತೀರಿತು, ಮೆಷಿನ್ನೂ ಉಳಿಯಿತು. ಕೊನೆಗೂ ಡಿಗ್ರಿ ನೂಲು ಬಿಡತೊಡಗಿತ್ತು. ಮೆಷಿನ್ನು ಕೈಯಲ್ಲಿರಬೇಕು, ಅಷ್ಟೇ.

ಅಷ್ಟರಲ್ಲಿ ಬ್ಯಾಂಕಿನ ನೋಟೀಸು ಚಿಂತಾಮಣಿಗೆ ಹೋಯಿತು. ಗಂಗುಲಪ್ಪ ಬೈಕು ನಿಲ್ಲಿಸುವ ಮೊದಲೇ ಶುರುಮಾಡಿದ. "ಏಮ್ರಾ ಇಂಜಿನೀರು! ಪೋಸ್ಟ್‌ಮ್ಯಾನು ನಮ್ಮ ಬೀದಿಯೋರೆಲ್ಲರ ಮುಂದೆ ನನ್ನ ಹೆಸರು ಕೂಗ್ದ ಕಣೋ."

"ಎರಡು ವರ್ಷ ಮಾವ. ಲೆಕ್ಕ ತೋರಿಸ್ತೀನಿ ಬಾ."

"ನಿನ್ನ ಲೆಕ್ಕ ನಂಬಿ ರುಜು ಹಾಕಿದ್ದಕ್ಕೇ ಈ ಗತಿ. ಬಾವ, ಮೆಷಿನ್ ಮಾರು. ಮೂರೂವರೆ ಲಕ್ಷ ಬರುತ್ತೆ, ಬ್ಯಾಂಕಿಗೆ ಕಟ್ಟು. ಇಲ್ಲಾಂದ್ರೆ ನಮ್ಮಕ್ಕನ ಮನೆ ಬಾಗಿಲು ತುಳಿಯಲ್ಲ ನಾನು."

ನಾರಾಯಣಮ್ಮ ಅಳತೊಡಗಿದಳು. ಮುನಿನಾರಾಯಣಪ್ಪ ಗೋಡೆಯ ಮೇಲಿನ ಸೀಮೆಸುಣ್ಣದ ಲೆಕ್ಕ ನೋಡಿದ, ಹೆಂಡತಿಯನ್ನು ನೋಡಿದ, "ಆಗ್ಲಿ" ಎಂದ.

ಮರುದಿನವೇ ಗಂಗುಲಪ್ಪ ಮೆಷಿನ್ನು ಕೊಳ್ಳುವ ಒಬ್ಬ ವ್ಯಾಪಾರಿಯನ್ನು ಕರೆತಂದ. ವ್ಯಾಪಾರಿ ಸುತ್ತ ಬಂದ, ಮೂಗಿನಲ್ಲಿ ಸದ್ದು ಮಾಡಿದ, "ಓಡಿಸಪ್ಪ" ಎಂದ. ಓಡಿತು. ನಿಲ್ಲಿಸಲು ಹೇಳಿ, ಮುಚ್ಚಳ ತೆಗೆಸಿ, ಮೊಣಕೈವರೆಗೆ ಕೈ ಇಳಿಸಿ ಕ್ಲಚ್ಚನ್ನು ಮುಟ್ಟಿ ನೋಡಿದ. ಕಾಲೇಜಿನಲ್ಲಿ ಮುನಿನಾರಾಯಣಪ್ಪ ಹಾಕದೇ ಬಿಟ್ಟ ಕೈ ಅದು. ಸರಕಿನ ಬೆಲೆ ವ್ಯಾಪಾರಿಗೆ ಅಲ್ಲೇ ತಿಳಿಯಿತು. ಕೈ ಹೊರಗೆ ತೆಗೆದು ಮುಖ ಸೊಟ್ಟಗೆ ಮಾಡಿದ.

"ಇದೇನಪ್ಪ, ಮೊಪೆಡ್ ಸಾಮಾನು?"

"ನಾನೇ ಮಾಡಿದ್ದು ಸಾವ್ಕಾರ್ರೇ. ದಿನಕ್ಕೆ ಕಾಲು ಕೆ.ಜಿ. ಜಾಸ್ತಿ ಬರುತ್ತೆ."

"ಬಿಲ್ಲಿದೆಯಾ?"

"ಮೆಷಿನ್ನಿಗಿದೆ. ಇದಕ್ಕೆಲ್ಲಿ ಬಿಲ್ಲು?"

"ಕಂಪನಿ ಮೆಷಿನ್ನಾಗಿದ್ರೆ ಮೂರೂವರೆ ಕಣ್ಮುಚ್ಚಿ ಕೊಡ್ತಿದ್ದೆ. ಇದು ಕೆಡಿಸಿರೋ ಮೆಷಿನ್ನು. ನಾಳೆ ನಿಂತ್ರೆ ಯಾರನ್ನ ಕೇಳ್ಲಿ?"

"ನನ್ನ ಕೇಳಿ. ನಾನು ಮೆಕ್ಯಾನಿಕಲ್ ಇಂಜಿನಿಯರ್."

"ಹೌದಾ! ಕೊನೇ ಸಂಬಳ ಎಷ್ಟು ತಗೊಂಡೆ ಇಂಜಿನಿಯರೇ?"

ಮುನೇಶ ಹೇಳಿದ.

"ಹದಿನಾಲ್ಕು ಸಾವಿರದ ಮಾತಿಗೆ ನಾನು ಎಷ್ಟು ಸೇರಿಸಿ ಕೊಡ್ಲಿ, ನೀನೇ ಹೇಳು."

ಗಂಗುಲಪ್ಪ ಪಕಪಕನೆ ನಕ್ಕ. ಮುನೇಶ ಅಪ್ಪನ ಕಡೆ ನೋಡಿದ. ಮುನಿನಾರಾಯಣಪ್ಪ ತನ್ನ ಎರಡು ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಮೆಷಿನ್ನು ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಹೋಯಿತು. ಮುನೇಶ ಕಲಿತ ವಿದ್ಯೆ ಕೂರಿಸಿದ್ದಕ್ಕೆ ಅದರ ಬೆಲೆ ಒಂದು ಲಕ್ಷ ಅರವತ್ತು ಸಾವಿರ ಇಳಿದಿತ್ತು. ಗಂಗುಲಪ್ಪ ವ್ಯಾಪಾರಿಯಿಂದ ಐದು ಸಾವಿರ ಕಮಿಷನ್ನು ಎಣಿಸಿಕೊಂಡು ಅಕ್ಕನಿಗೆ ಒಂದು ಚಿಪ್ಪು ಬಾಳೆಹಣ್ಣು ತಂದುಕೊಟ್ಟ.

ಬ್ಯಾಂಕಿಗೆ ಕಟ್ಟಿದ ಮೇಲೂ ಮೂರು ಲಕ್ಷ ಎಂಬತ್ತು ಸಾವಿರ ಉಳಿಯಿತು. ವಾರದೊಳಗೆ ವ್ಯಾಪಾರಿಯೇ ಮುನೇಶನಿಗೆ ಹೇಳಿಕಳಿಸಿದ. ಮೆಷಿನ್ನು ನೋಡಿಕೊಳ್ಳಲು ಆಳು ಬೇಕು, ತಿಂಗಳಿಗೆ ಹದಿನೆಂಟು ಸಾವಿರ. ಕಾರ್ಖಾನೆಗಿಂತ ಜಾಸ್ತಿ. ಮುನೇಶ ಹೋದ. ಹೋಗದೆ ಏನು ಮಾಡುತ್ತಾನೆ? ತಾನು ಕೂರಿಸಿದ ಕ್ಲಚ್ಚಿಗೆ ತಾನೇ ಎಣ್ಣೆ ಬಿಟ್ಟುಕೊಂಡು, ವ್ಯಾಪಾರಿ ಹೇಳಿದಂತೆ ಅದೇ ಅಳತೆಯಲ್ಲಿ ಇನ್ನಷ್ಟು ಜೊತೆ ಕ್ಲಚ್ಚು ಮಾಡಿಕೊಟ್ಟ.

ಒಂದು ದಿನ ಚಿಂತಾಮಣಿಯಿಂದ ಇಬ್ಬರು ರೀಲರುಗಳು ಬಂದರು. ರಾಟೆ ನಿಲ್ಲುವ ಚೆಂದ ನೋಡಿ, "ಯಾವ ಕಂಪನಿದು ಸಾವ್ಕಾರ್ರೇ?" ಎಂದರು.

"ಕೊಯಮತ್ತೂರಿಂದ ತರಿಸ್ದೆ. ಒಂದು ಜೊತೆಗೆ ನಲವತ್ತು ಸಾವಿರ" ಎಂದ ವ್ಯಾಪಾರಿ.

ಮೆಷಿನ್ನಿನಡಿ ಮಲಗಿದ್ದ ಮುನೇಶ ಅಲ್ಲಿಂದಲೇ ಹೇಳಿದ, "ಹೌದು ಸಾರ್, ಕೊಯಮತ್ತೂರಿದೇ. ಅಲ್ಲೊಬ್ಬ ಇಂಜಿನಿಯರ್ ಇದಾನಂತೆ. ಸಂಬಳ ಜಾಸ್ತಿಯಂತೆ."

ರೀಲರುಗಳು ತಲೆದೂಗಿ ಮುಂಗಡ ಕೊಟ್ಟು ಹೋದರು. ಮುನೇಶ ಹೊರಗೆ ಬಂದು ಕೈ ಒರೆಸಿಕೊಂಡ. ವ್ಯಾಪಾರಿಯ ಮುಖ ನೋಡಲಿಲ್ಲ.

ಆ ವ್ಯಾಪಾರಿ ನಾನು. ಅಂಥ ಕ್ಲಚ್ಚು ಇದುವರೆಗೆ ಒಂಬತ್ತು ಜೊತೆ ಮಾರಿದ್ದೇನೆ. ಸಾಮಾನಿನ ಖರ್ಚು ಕಳೆದು ಒಂದೊಂದು ಜೊತೆಗೆ ಮೂವತ್ತು ಸಾವಿರ ಉಳಿದಿದೆ. ಅದು ಎರಡು ಲಕ್ಷ ಎಪ್ಪತ್ತು ಸಾವಿರ. ಮೆಷಿನ್ನಿನಲ್ಲಿ ಮುರಿದುಕೊಂಡದ್ದು ಒಂದು ಲಕ್ಷ ಅರವತ್ತು ಸಾವಿರ. ಮುನಿನಾರಾಯಣಪ್ಪನ ಮಗ ಮುನೇಶನಿಗೆ ನಾನು ನಾಲ್ಕು ಲಕ್ಷ ಮೂವತ್ತು ಸಾವಿರ ರೂಪಾಯಿ ಕೊಡಬೇಕು. ಕೊಟ್ಟಿಲ್ಲ.